ಒಂಬತ್ತನೇ ಮೆಟ್ಟಿಲು, ಒಂದು ಮಿಕ್ಸಿ

ಶ್ರೀನಗರದಲ್ಲಿ ನನ್ನದೊಂದು ಸಣ್ಣ ಮಿಕ್ಸಿ ರಿಪೇರಿ ಅಂಗಡಿ. ಎರಡು ವರ್ಷದ ಹಿಂದೆ ಹಿಂದಿನ ಬೀದಿಯ ಅಮ್ಮ ರಿಪೇರಿಗೆ ಕೊಟ್ಟ ಮಿಕ್ಸಿಯನ್ನು ಮಾರಿ ಕುಡಿದೆ. ಎರಡು ಕ್ವಾರ್ಟರ್‌ಗೆ ಆಯ್ತು. "ಪಾರ್ಟ್ಸ್ ಬಂದಿಲ್ಲಮ್ಮ" ಅಂತ ಮೂರು ತಿಂಗಳು ಸಾಗಹಾಕಿದೆ. ಆಮೇಲೆ ಅವರು ಕೇಳುವುದನ್ನು ಬಿಟ್ಟರು. ನಾನು ಆ ಬೀದಿಯನ್ನೇ ಬಿಟ್ಟೆ.

ಮೊದಲು ಧರ್ಮಸ್ಥಳಕ್ಕೆ ಹೋಗಿ, ಜೀವಮಾನದಲ್ಲಿ ಮುಟ್ಟಲ್ಲ ಅಂತ ಆಣೆ ಮಾಡಿದ್ದೆ. ಎರಡನೇ ದಿನ ಕೈ ನಡುಗಿ ಫಿಟ್ಸ್ ಬಂತು. ಮನೆಯವರು ಯಾರೋ ಮಾಟ ಮಾಡಿಸಿದ್ದಾರೆ ಅಂದುಕೊಂಡರು. ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಒಂದೇ ಸಲಕ್ಕೆ ನಿಲ್ಲಿಸಿದರೆ ಹೀಗಾಗುತ್ತೆ, ಪ್ರಾಣವೂ ಹೋಗಬಹುದು ಅಂತ ಆಸ್ಪತ್ರೆಯಲ್ಲಿ ಗೊತ್ತಾಯ್ತು.

ಅಲ್ಲಿಂದ ಬಂದ ಮೇಲೆ ಎಎ ಸಭೆ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಕೂಟ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಶುರು ಮಾಡಿದ್ದಂತೆ, ಅವರಲ್ಲಿ ಒಬ್ಬರು ಸ್ವತಃ ಡಾಕ್ಟರು! ಕುಡಿತದಿಂದ ಹೊರಬರೋಕೆ ಅಲ್ಲಿ ಹನ್ನೆರಡು ಮೆಟ್ಟಿಲು. ಜೀವಮಾನದ ಮಾತಿಲ್ಲ. ಇವತ್ತೊಂದು ದಿನ ಕುಡಿಯಬೇಡ, ಅಷ್ಟೇ.

ಎಂಟನೇ ಮೆಟ್ಟಿಲು, ನಮ್ಮಿಂದ ನೊಂದವರ ಪಟ್ಟಿ. ಒಂಬತ್ತನೇದು, ಅವರಿಗೇ ತೊಂದರೆ ಆಗದ ಹಾಗಿದ್ದರೆ ಹೋಗಿ ಸರಿಮಾಡುವುದು. ನನ್ನ ಪಟ್ಟಿಯಲ್ಲಿ 31 ಹೆಸರಾಯ್ತು. ನೋಟ್‌ಬುಕ್ ಮುಚ್ಚಿಟ್ಟವನು ಹದಿನೈದು ದಿನ ತೆಗೆಯಲಿಲ್ಲ. ನನ್ನನ್ನು ಮೆಟ್ಟಿಲು ಹತ್ತಿಸುತ್ತಿರುವ ಅಣ್ಣ ಆಟೋ ಓಡಿಸ್ತಾರೆ. ಕೇಳಿದರು, "ಮಿಕ್ಸಿ ತಿರುಗ್ತಿಲ್ಲ ಅಂತ ತಂದ್ರೆ ಮೊದ್ಲು ಏನ್ ನೋಡ್ತೀಯ?"

"ಪ್ಲಗ್ಗಣ್ಣ."

"ಮತ್ತೆ ಇಲ್ಲಿ ಯಾಕೆ ಮೊದ್ಲೇ ಮೋಟರ್ ಬಿಚ್ಕೊಂಡು ಕೂತಿದೀಯ? ಒಂದ್ ಹೆಸರು ನೋಡು."

ಶನಿವಾರ 2,500 ರೂಪಾಯಿ ಕವರಿನಲ್ಲಿಟ್ಟು ಹೊರಟೆ. ಹತ್ತಿರದ ದಾರಿಯಲ್ಲಿ ಬಾರ್ ಇದೆ. ಸುತ್ತಿ ಹೋದೆ, ಹತ್ತು ನಿಮಿಷ ಜಾಸ್ತಿ. ಗೇಟಿನ ಹತ್ತಿರ ನಿಂತಾಗ, ಬೆಲ್ ಒತ್ತುವುದಷ್ಟೇ ಈಗಿನ ಕೆಲಸ ಅಂದುಕೊಂಡೆ. ಒತ್ತಿದೆ.

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. ನಾನು ಹೇಳಬೇಕೆಂದು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯ್ತು. "ನಿಮ್ಮ ಮಿಕ್ಸಿ ಮಾರ್ಕೊಂಡು ಕುಡಿದ್ಬಿಟ್ಟೆ ಅಮ್ಮ. ಪಾರ್ಟ್ಸ್ ಅಂದಿದ್ದು ಸುಳ್ಳು."

"ಗೊತ್ತಿತ್ತು ಬಿಡಪ್ಪ. ಅದು ನನ್ನ ತವರಿಂದ ಕೊಟ್ಟಿದ್ದು," ಅಂದರು.

ಇದು ನನಗೆ ಗೊತ್ತಿರಲಿಲ್ಲ. ಕವರಿನಲ್ಲಿದ್ದ ದುಡ್ಡು ಇದಕ್ಕೆ ಸಾಲುವಂಥದ್ದಲ್ಲ. ಆದರೂ ಕೊಟ್ಟೆ. ಅವರು ಎಣಿಸಿದರು, ನಿಧಾನಕ್ಕೆ, ಎರಡು ಸಲ. ಅದು ಸರಿಯೇ. ಒಳಗೆ ಹೋದವರು ಹೊಸ ಮಿಕ್ಸಿಯ ಚಟ್ನಿ ಜಾರ್ ಹಿಡಿದುಕೊಂಡು ಬಂದರು. "ಬುಡದಲ್ಲಿ ಸೋರ್ತಿದೆ. ತಗೊಂಡ್ ಹೋಗಿ ನೋಡ್ತೀಯಾ?"

ತಿರುಗಿಸಿ ನೋಡಿದೆ. ಬುಷ್ ಸವೆದಿತ್ತು, ವಾಷರ್ ಕಲ್ಲಿನಂತಾಗಿತ್ತು, ಸಂದಿಯಲ್ಲಿ ಒಣಗಿದ ತೆಂಗಿನಕಾಯಿ.

"ತಗೊಂಡ್ ಹೋಗೋದು ಬೇಡಮ್ಮ. ಅಂಗಡಿಯಿಂದ ಸಾಮಾನು ತಂದು ಇಲ್ಲೇ ಕೂತು ಮಾಡ್ತೀನಿ," ಅಂದೆ.

ಅವರು ಜಗಲಿ ಮೇಲಿದ್ದ ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸಿದರು.