ಒಬ್ಬನೇ ಇರೋ ಮನೆ, 25 ಸಾವಿರದ ಲೆಕ್ಕ: ಜೂನ್‌ನಿಂದ ಜನವರಿವರೆಗೆ

ಜೂನ್ 2025

ಪಿ.ಜಿ. ಬಿಟ್ಟು ಬೆಂಗಳೂರಿನ ಲಗ್ಗೆರೆಯಲ್ಲಿ ಸಿಂಗಲ್ ರೂಮ್ ಹಿಡಿದೆ. 'ಟು ಲೆಟ್' ಬೋರ್ಡಿನ ಕೆಳಗೆ 'ಫ್ಯಾಮಿಲಿಗೆ ಮಾತ್ರ' ಅಂತ ಬರೆಯದ ಮನೆ ಹುಡುಕುವುದೇ ಒಂದು ಕೆಲಸ. ಬಾಡಿಗೆ 7,000, ನೀರಿಗೆ 300, ಅಡ್ವಾನ್ಸ್ 50,000. ಕೆಲಸ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ, ಸಂಬಳ 27,500. ಬೇಸಿಕ್ 15,000ದ ಮೇಲೆ ಪಿ.ಎಫ್. 12%, ಅಂದರೆ 1,800. ವೃತ್ತಿ ತೆರಿಗೆ 200. ಕೈಗೆ ಬರುವುದು 25,500. ಊರಿಗೆ ಅಮ್ಮನಿಗೆ 5,000 ಕಳಿಸುತ್ತೇನೆ. ಉಳಿದ 13,200ರಲ್ಲಿ 5,000 ಎತ್ತಿಟ್ಟು, 8,200ರಲ್ಲಿ ತಿಂಗಳು ದೂಡಬೇಕು. ಇದೇ ಪ್ರಾಜೆಕ್ಟ್.

"ಒಬ್ಬನೇ ಅಲ್ವಾ, ನಿನಗೇನು ಖರ್ಚು?" ಅಂತ ಎಲ್ಲರೂ ಕೇಳುತ್ತಾರೆ. ಇಬ್ಬರಿದ್ದರೆ ಬಾಡಿಗೆ ಅರ್ಧ, ಗ್ಯಾಸ್ ಅರ್ಧ, ಇಂಟರ್‌ನೆಟ್ ಅರ್ಧ. ಒಬ್ಬನಿಗೆ ಯಾವುದನ್ನು ಅರ್ಧ ಮಾಡೋದು? ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಕೂಡ ನಾಲ್ಕು ಜನರ ಮನೆ ಅಂದುಕೊಂಡೇ ಕಟ್ಟಿರುತ್ತಾರೆ. ಅದಕ್ಕೆ ನಾನು ಮೊದಲು ಹುಡುಕುವುದು ಒಬ್ಬನಿಗೆ ಆಗುವ ಅಳತೆ. ಅಗ್ಗವೋ ದುಬಾರಿಯೋ ಅನ್ನೋದು ಆಮೇಲೆ.

ಜುಲೈ

ಮೊದಲ ಜಟಾಪಟಿ ಒಲೆಯದು. ಐದು ಕೆಜಿಯ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಾಕು, ಸಿಗುತ್ತದೆ. ಆದರೆ ಕೆಜಿ ಲೆಕ್ಕಕ್ಕೆ ಮನೆಬಳಕೆಯ 14.2 ಕೆಜಿ ಸಿಲಿಂಡರ್‌ಗಿಂತ ಜಾಸ್ತಿ ಬೀಳುತ್ತದೆ. ದೊಡ್ಡದಕ್ಕೆ ಕನೆಕ್ಷನ್, ಡಿಪಾಸಿಟ್ ಎಲ್ಲ ಬೇಕು. ಮನೆ ಬದಲಿಸಿದಾಗ ಮತ್ತೆ ಓಡಾಟ.

ಇನ್ನೊಂದು ದಾರಿ ಕರೆಂಟ್ ಒಲೆ, ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯನ್ನು ನಂಬಿಕೊಂಡು. ಇದರ ಬಗ್ಗೆ ತಪ್ಪು ತಿಳಿವಳಿಕೆ ತುಂಬಾ ಇದೆ. 200 ಯೂನಿಟ್ ಎಲ್ಲರಿಗೂ ಫ್ರೀ ಅಲ್ಲ. ಆ ಮೀಟರಿನ ಹಳೆಯ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಒಂದು ಮಿತಿ ಕೊಡುತ್ತಾರೆ. ಅದರೊಳಗಿದ್ದರೆ ಬಿಲ್ ಸೊನ್ನೆ. ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಹಿಂದೆ ಇದ್ದವರ ಆಧಾರ್ ಡಿ-ಲಿಂಕ್ ಆದ ಮೇಲೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಆ ಮೀಟರಿನ ಆರ್.ಆರ್. ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ನನ್ನದು ಸೇರಿಸಿದೆ. ನನಗೆ ಸಿಕ್ಕ ಮಿತಿ 63 ಯೂನಿಟ್. ಸಬ್ ಮೀಟರ್ ಇರುವ ರೂಮಾಗಿದ್ದರೆ ಇದೂ ಇರುತ್ತಿರಲಿಲ್ಲ. ಮನೆ ನೋಡುವಾಗಲೇ ಮೀಟರ್ ಬೇರೆ ಇದೆಯಾ ಅಂತ ಕೇಳಿಬಿಡಿ.

63 ಅಂದರೆ ದಿನಕ್ಕೆ ಎರಡು ಯೂನಿಟ್ ಚಿಲ್ಲರೆ. 1,500 ವಾಟ್ ಇಂಡಕ್ಷನ್ ಒಲೆ ದಿನಕ್ಕೆ ಅರ್ಧ ಗಂಟೆ ಉರಿದರೆ ಮುಕ್ಕಾಲು ಯೂನಿಟ್. 75 ವಾಟ್ ಫ್ಯಾನ್ ಹತ್ತು ಗಂಟೆ ತಿರುಗಿದರೂ ಮುಕ್ಕಾಲು. ಸ್ನಾನದ ನೀರಿಗೆ ಕಾಯಿಲ್ ಕಾಲು ಗಂಟೆ ಹಾಕಿದರೆ ಅರ್ಧಕ್ಕೂ ಕಡಿಮೆ. ಬಲ್ಬು, ಮೊಬೈಲು ಲೆಕ್ಕಕ್ಕಿಲ್ಲ. ಫ್ರಿಜ್ ತಂದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಫ್ರಿಜ್ ಇಲ್ಲ. ಗ್ಯಾಸೂ ಇಲ್ಲ. ಮೊದಲ ತಿಂಗಳು 61ಕ್ಕೆ ನಿಂತಿತು!

ಆಗಸ್ಟ್

ಫ್ರಿಜ್ ಇಲ್ಲದೆ ಒಬ್ಬನಿಗೆ ಅಡುಗೆ ಮಾಡುವುದಕ್ಕೆ ಬಸ್ಸಾರಿನಷ್ಟು ಅನುಕೂಲದ್ದು ಬೇರೆ ಇಲ್ಲ. ಒಂದು ಹಿಡಿ ಹೆಸರುಕಾಳು, ಅರ್ಧ ಕಟ್ಟು ದಂಟಿನ ಸೊಪ್ಪು ಒಟ್ಟಿಗೆ ಬೇಯಿಸಿ ಬಸಿದರೆ ನೀರು ಸಾರಿಗೆ, ಕಾಳು-ಸೊಪ್ಪು ಪಲ್ಯಕ್ಕೆ. ಒಂದೇ ಕುಕ್ಕರಿನ ಬೇಯಿಸುವಿಕೆ, ಎರಡು ಐಟಂ. ಸಾರನ್ನು ರಾತ್ರಿ ಒಮ್ಮೆ ಕುದಿಸಿಟ್ಟರೆ ಬೆಳಿಗ್ಗೆ ಇನ್ನೂ ರುಚಿ. ಅರ್ಧ ಲೀಟರ್ ಹಾಲಿನಲ್ಲಿ ಕಾಫಿಗೆ ಬೇಕಾದಷ್ಟು ತೆಗೆದು ಮಿಕ್ಕಿದ್ದಕ್ಕೆ ಹೆಪ್ಪು ಹಾಕುತ್ತೇನೆ. ಮೊಸರಿನ ಖರ್ಚು ಅಲ್ಲಿಗೆ ಮುಗಿಯಿತು.

ಕಷ್ಟ ಆಗಿದ್ದು ಮುದ್ದೆ. ಇಂಡಕ್ಷನ್ ಗಾಜಿನ ಮೇಲೆ ಹಿಟ್ಟು ತೊಳಸಲು ಹೋದರೆ ಪಾತ್ರೆಯೇ ಗಿರಗಿರ ತಿರುಗುತ್ತದೆ. ಅಮ್ಮ ಕೊಟ್ಟ ಅಲ್ಯುಮಿನಿಯಂ ಪಾತ್ರೆಯನ್ನಂತೂ ಒಲೆ ಗುರುತಿಸುವುದೇ ಇಲ್ಲ. ಈಗ ಸ್ಟೀಲ್ ಕುಕ್ಕರಿನಲ್ಲಿ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಕುದಿಸಿ, ಹಿಟ್ಟು ಸುರಿದು, ಉರಿ ತಗ್ಗಿಸಿ ಮುಚ್ಚಿಡುತ್ತೇನೆ. ಬೆಂದ ಮೇಲೆ ಕೆಳಗಿಳಿಸಿ, ಬಟ್ಟೆಯ ಸಿಂಬಿ ಮೇಲೆ ಕೂರಿಸಿ, ಹಿಡಿಯನ್ನು ಮೊಣಕಾಲಿಗೆ ಒತ್ತಿಕೊಂಡು ಕೋಲಿನಲ್ಲಿ ತಿರುವುವುದು. ಗಂಟಿಲ್ಲದ ಮುದ್ದೆ ಬರುತ್ತಿದೆ. ಕೆಳಗಿನ ಮನೆಯವರಿಗೆ ಸದ್ದಿನ ಅಭ್ಯಾಸ ಆಗಿದೆ.

ಬಸ್ಸಿನ ಲೆಕ್ಕ ಸುಲಭದ್ದು. ಜನವರಿಯಲ್ಲಿ ದರ ಏರಿದ ಮೇಲೆ ಬಿಎಂಟಿಸಿ ಸಾಮಾನ್ಯ ಮಾಸಿಕ ಪಾಸ್ 1,200. ನನಗೆ ಒಂದು ಕಡೆಗೆ 12 ರೂಪಾಯಿ, 26 ದಿನಕ್ಕೆ 624. ಪಾಸ್ ಬೇಡ. ಭಾನುವಾರ ಊರು ಸುತ್ತಬೇಕು ಅನಿಸಿದರೆ 80 ರೂಪಾಯಿಯ ದಿನದ ಪಾಸ್ ಇದೆ.

ಅಕ್ಟೋಬರ್

ಸಂಬಳ 21,000ದೊಳಗಿದ್ದಾಗ ಇಎಸ್ಐ, ಅಂದರೆ ನೌಕರರ ಸರ್ಕಾರಿ ಆರೋಗ್ಯ ವಿಮೆ ಇತ್ತು. ಸಂಬಳದಲ್ಲಿ 0.75% ಹಿಡಿದರೂ ಆಸ್ಪತ್ರೆ ಚಿಂತೆ ಇರಲಿಲ್ಲ. ಮಿತಿ ದಾಟಿದವನಿಗೆ ಅದು ಹೋಯಿತು, ಕಂಪನಿಯಲ್ಲಿ ಬೇರೆ ವಿಮೆ ಇಲ್ಲ. ಸಂಬಳ ಏರಿದ್ದಕ್ಕೆ ಖುಷಿ ಪಡಬೇಕೋ ಬೇಡವೋ ಗೊತ್ತಾಗದ ಜಾಗ ಇದು. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿನ 18% ಜಿಎಸ್‌ಟಿ ತೆಗೆದಿದ್ದಾರೆ. ಅದಾದ ಮೇಲೆ ಪಾಲಿಸಿ ಮಾಡಿಸಿದೆ. ಮಲಗಿದರೆ ಗಂಜಿ ಕಾಯಿಸಿ ಕೊಡುವವರಿಲ್ಲ, ಆಸ್ಪತ್ರೆ ಬಿಲ್ಲಾದರೂ ಯಾರೋ ಕಟ್ಟಲಿ. 20 ರೂಪಾಯಿಯ ಅಪಘಾತ ವಿಮೆ ಸುರಕ್ಷಾ ಬಿಮಾ ಬ್ಯಾಂಕಿನಲ್ಲೇ ವರ್ಷಕ್ಕೊಮ್ಮೆ ಕಟ್ ಆಗುತ್ತದೆ.

ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 2,000 ಕಟ್ಟುವ ಆರ್.ಡಿ. ಶುರು ಮಾಡಿದ್ದೇನೆ. ಬಡ್ಡಿ 6.7%, ಐದು ವರ್ಷಕ್ಕೆ ಸುಮಾರು 1,42,700 ಕೈಗೆ. ಚೀಟಿ ಹಾಕು ಅಂತ ಸಹೋದ್ಯೋಗಿಗಳ ಒತ್ತಾಯ. ಚೀಟಿ ನಡೆಸುವವರು ಒಳ್ಳೆಯವರೇ ಇರಬಹುದು, ನನಗೆ ನಿದ್ದೆ ಬರುವುದಿಲ್ಲ.

ನವೆಂಬರ್

ಮದುವೆ ಸೀಸನ್. ಬಜೆಟ್ ಒಡೆದದ್ದು ಇಲ್ಲೇ. ಮುಯ್ಯಿ ಅಂದರೆ ಕೊಟ್ಟು ತಗೊಳ್ಳೋ ವ್ಯವಹಾರ. ಅವರ ಮನೆ ಮದುವೆಗೆ ನಾವು ಹಾಕಿದ್ದು ನಮ್ಮ ಮನೆ ಮದುವೆಗೆ ವಾಪಸ್ ಬರುತ್ತದೆ. ಮದುವೆಯೇ ಆಗದೆ ಉಳಿದವನದು ಬರೀ ಹೋಗೋ ಬಾಬ್ತು. ಊರಿಗೆ ಹೋಗಿ ಬರುವ ಬಸ್ ಚಾರ್ಜ್ ಬೇರೆ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ, "ಗೃಹಪ್ರವೇಶ ಮಾಡು, ಎಲ್ಲಾ ವಾಪಸ್ ಬರುತ್ತೆ ಕಣಪ್ಪ" ಅಂದಳು. ಲಗ್ಗೆರೆ ಬಾಡಿಗೆ ರೂಮಿಗಾ? ಡಿಸೆಂಬರಿನಿಂದ 'ಮುಯ್ಯಿ' ಅಂತಲೇ ತಿಂಗಳಿಗೆ 500 ಬೇರೆ ತೆಗೆದಿಡುತ್ತಿದ್ದೇನೆ. ಆಷಾಢದಲ್ಲಿ ಉಳಿದದ್ದು ಶ್ರಾವಣಕ್ಕೆ ಬರುತ್ತದೆ.

ಜನವರಿ 2026

ಫ್ಯಾನ್ ಬೇಡದ ತಿಂಗಳು, ಮೀಟರ್ 50ರ ಕೆಳಗೇ ಇದೆ. ಹಾಗೆ ಉಳಿದ ಕರೆಂಟಿನಲ್ಲಿ ಅವರೆಕಾಳು ಬೇಯುತ್ತಿದೆ. ಹಿತಕಿದ ಬೇಳೆ ದುಬಾರಿ, ಆದರೆ ನೂರು ಗ್ರಾಂ ಕೂಡ ಕೊಡುತ್ತಾರೆ. ನನಗೆ ಅಷ್ಟೇ ಬೇಕಾಗಿರುವುದು. ತಿಂಗಳ ಕೊನೆಗೆ ಕೈ ಬಿಗಿಯಾದರೆ ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ 5, ಊಟ 10. ತಡವಾಗಿ ಹೋದರೆ ಖಾಲಿ, ಅದೊಂದೇ ತಾಪತ್ರಯ.

ಡಿಸೆಂಬರ್, ಜನವರಿ ಎರಡರಲ್ಲೂ 5,000 ಪೂರ್ತಿ ಉಳಿದಿದೆ. ಮುಂದಿನ ತಿಂಗಳು ವೃತ್ತಿ ತೆರಿಗೆ 200ರ ಬದಲು 300, ಫೆಬ್ರವರಿಗೆ ಮಾತ್ರ. ಏಪ್ರಿಲ್‌ಗೆ ಅಗ್ರಿಮೆಂಟ್ ಮುಗಿಯುತ್ತದೆ. ಬಾಡಿಗೆ 5% ಏರಿಸುತ್ತೇನೆ ಅಂತ ಓನರ್ ಈಗಲೇ ಹೇಳಿದ್ದಾರೆ, ಅಂದರೆ 350. ಅದನ್ನು ಎಲ್ಲಿಂದ ತೆಗೆಯೋದು ಅಂತ ನೋಡುತ್ತಿದ್ದೇನೆ. ಸದ್ಯಕ್ಕೆ ಸಂಜೆ ಕಾಫಿ-ಬೋಂಡದ ಮೇಲೆ ಕಣ್ಣು ಬಿದ್ದಿದೆ.