ಲ್ಯಾಟಿನ್ ಕಲಿಕೆ, ಒಂಬತ್ತನೆಯ ವಾರ: ಹೊರುವ ಕ್ರಿಯಾಪದ

ಈ ವಾರ ಹತ್ತು ಕ್ರಿಯಾಪದ ಮುಗಿಸುವ ಲೆಕ್ಕ ಹಾಕಿದ್ದೆ. ಮುಗಿದದ್ದು ಒಂದೇ.

ಅದು ‘ಫೆರ್ರೆ’, ಅಂದರೆ ಹೊರುವುದು, ತರುವುದು. ಲ್ಯಾಟಿನ್ ಕ್ರಿಯಾಪದಗಳನ್ನು ಮುಖ್ಯ ರೂಪಗಳ ಸಮೇತ ಬಾಯಿಪಾಠ ಮಾಡಬೇಕು. ಇದರದು ಹೀಗೆ: ಫೆರೊ, ಫೆರ್ರೆ, ತುಲಿ, ಲಾತುಮ್. ‘ಹೊರುತ್ತೇನೆ’ ಎನ್ನಲು ಫೆರೊ, ‘ಹೊತ್ತೆ’ ಎನ್ನಲು ತುಲಿ! ಮೂರು ಊರಿನವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದಂತಿತ್ತು.

ಮೊದಲ ದಿನವೇ ಎಡವಿದೆ. ಫೆರೊ ಕಂಡ ಕೂಡಲೇ ಚೀಟಿಯ ಹಿಂಬದಿಯಲ್ಲಿ ‘ನಮ್ಮ ಹೊರು!’ ಎಂದು ಬರೆದುಬಿಟ್ಟೆ. ಮರುದಿನ ಹಳಗನ್ನಡದ ರೂಪ ನೆನಪಾಯಿತು: ಪೊಱು. ತಮಿಳಿನಲ್ಲೂ ಪೊಱು ಇದೆ. ಅಚ್ಚ ದ್ರಾವಿಡ ಮಾತು. ಚೀಟಿಗೆ ಅಡ್ಡಗೆರೆ ಎಳೆದೆ.

ನಿಜವಾದ ನೆಂಟ ಸಂಸ್ಕೃತದ ‘ಭೃ’ ಧಾತು, ಅರ್ಥ ಅದೇ ಹೊರುವುದು. ಸಂಸ್ಕೃತದಲ್ಲಿ ಪದದ ಮೊದಲಿಗೆ ಭಕಾರವಿದ್ದ ಕಡೆ ಲ್ಯಾಟಿನ್ನಿನಲ್ಲಿ ಸಾಮಾನ್ಯವಾಗಿ ಫಕಾರ ಸಿಗುತ್ತದೆ: ಭ್ರಾತೃ–ಫ್ರಾತೆರ್, ಭರತಿ–ಫೆರ್ತ್, ಭರಂತಿ–ಫೆರುಂತ್. ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಇವು ಒಂದೇ ಇಂಡೋ-ಯುರೋಪಿಯನ್ ಮೂಲದ ಅಕ್ಕತಂಗಿಯರು. ಜರ್ಮನಿಯ ಭಾಷಾವಿಜ್ಞಾನಿ ಫ್ರಾಂಜ್ ಬೋಪ್ 1816ರಲ್ಲೇ ಈ ಭಾಷೆಗಳ ಕ್ರಿಯಾರೂಪಗಳನ್ನು ಎದುರುಬದುರು ಇಟ್ಟು ತೋರಿಸಿದ್ದರು.

ತುಲಿಯ ಕಥೆ ಬೇರೆ. ಅದು ‘ತೊಲ್ಲೊ’, ಅಂದರೆ ‘ಎತ್ತುತ್ತೇನೆ’ ಎಂಬ ಕ್ರಿಯಾಪದದ ಭೂತರೂಪ. ಫೆರೊ ಅದನ್ನು ಕೈಗಡ ಪಡೆದು ಹಿಂದಿರುಗಿಸಲೇ ಇಲ್ಲ. ಪಾಪ, ತೊಲ್ಲೊ ‘ಸುಸ್ತುಲಿ’ ಎಂಬುದನ್ನು ಹೊಂದಿಸಿಕೊಳ್ಳಬೇಕಾಯಿತು. ಹಳೆಯ ಲ್ಯಾಟಿನ್ನಿನಲ್ಲಿ ‘ತೆತುಲಿ’ ಎಂಬ ರೂಪವೂ ಇತ್ತು. ಸಂಸ್ಕೃತದ ‘ಬಭಾರ’ದಂತೆ ಮೊದಲ ಅಕ್ಷರ ಇಮ್ಮಡಿಯಾಗಿದೆ. ಲಾತುಮ್ ಕೂಡ ಮೂಲದಲ್ಲಿ ‘ತ್ಲಾತುಮ್’. ಮೊದಲ ತಕಾರ ಉದುರಿದೆ, ಧಾತು ತುಲಿಯದೇ. ಹಾಗಾಗಿ ಪಂಕ್ತಿಯಲ್ಲಿರುವವರು ಮೂವರಲ್ಲ, ಇಬ್ಬರೇ.

ಈ ಎರಡನೆಯವನ ಸಂಸ್ಕೃತದ ಬಳಗದಲ್ಲಿ ಯಾರಿದ್ದಾರೆಂದು ಹುಡುಕಿದಾಗ ಸಿಕ್ಕಿದ್ದು ‘ತುಲಾ’, ತಕ್ಕಡಿ. ಆಮೇಲೆ ಹೊಳೆಯಿತು: ತುಲಾಭಾರ! ತುಲಿಯ ಧಾತು ಮುಂದೆ, ಫೆರೊ ಧಾತು ಹಿಂದೆ. ರೋಮಿನವರು ಒಂದು ಕ್ರಿಯಾಪದದೊಳಗೆ ತುರುಕಿದ ಜೋಡಿ ನಮ್ಮಲ್ಲಿ ಒಂದು ಸಮಾಸದಲ್ಲಿ ಕುಳಿತಿದೆ. ಐದು ವರ್ಷದವನಿದ್ದಾಗ ಉಡುಪಿಯಲ್ಲಿ ನನಗೆ ಬೆಲ್ಲದ ತುಲಾಭಾರ ಮಾಡಿಸಿದ್ದರು. ತಟ್ಟೆ ಮೇಲೆದ್ದಾಗ ಕಿರುಚಿ ಅತ್ತೆನಂತೆ. (‘ತೂಕ’ವನ್ನೂ ಈ ಬಳಗಕ್ಕೆ ಸೇರಿಸಲು ಕೈ ತುರಿಸಿತು. ಅದು ‘ತೂಗು’ವಿನ ಮಗು, ದ್ರಾವಿಡವೇ. ಒಮ್ಮೆ ಎಡವಿದ್ದು ಸಾಕು.)

ಉಳಿದ ಒಂಬತ್ತರಲ್ಲಿ ಮೊದಲನೆಯದು ‘ಎಸ್ಸೆ’, ಇರುವುದು. ಅದರ ಭೂತರೂಪ ನೋಡಿದೆ: ಫುಇ. ಮತ್ತೆ ಫಕಾರ. ಸಂಸ್ಕೃತದಲ್ಲಿ ‘ಆಗು, ಇರು’ ಎಂಬರ್ಥದ ಧಾತು ನೆನೆದು, ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಭೂ?’ ಎಂದು ಬರೆದಿಟ್ಟಿದ್ದೇನೆ.