ಡೇರೆ ಹೂವಿನ ಬೆನ್ನು

ಅಣ್ಣನ ಮಗನ ಮದುವೆ ಗೊತ್ತಾದಾಗ ಹೂವಿನ ಜವಾಬ್ದಾರಿ ನನ್ನ ಪಾಲಿಗೆ ಬಂತು. ಹುಡುಗಿ ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿ ಬೆಳೆದವಳು. ಅವಳ ಅಪ್ಪ, ಅಮ್ಮ, ಅಜ್ಜಿ ಮೆಕ್ಸಿಕೋದ ಓಹಾಕಾ ರಾಜ್ಯದಿಂದ ಬಂದವರು. ಸೆಪ್ಟೆಂಬರ್‌ನ ಒಂದು ಶನಿವಾರ ಚರ್ಚ್‌ನಲ್ಲಿ ಮದುವೆ, ಮರುದಿನ ಅಣ್ಣನ ಮನೆಯ ಹಿತ್ತಲಲ್ಲಿ ನಮ್ಮ ಕಡೆಯ ಧಾರೆ.

ಜವಾಬ್ದಾರಿ ಅಂತ ಸುಮ್ನೆ ಹೇಳುತ್ತಿಲ್ಲ. ಮೆಕ್ಸಿಕನ್ ಮದುವೆಯಲ್ಲಿ ಒಂದೊಂದಕ್ಕೂ ಒಬ್ಬೊಬ್ಬರು ನಿಲ್ಲುತ್ತಾರೆ. ಮದುಮಗ ಮದುಮಗಳ ಕೈಗೆ ಸುರಿಯುವ 13 ನಾಣ್ಯಗಳಿಗೆ ಒಬ್ಬರು. ಇಬ್ಬರ ಹೆಗಲನ್ನೂ ಎಂಟರ ಆಕಾರದಲ್ಲಿ ಬಳಸುವ 'ಲಾಸೋ' ಎಂಬ ಸರಕ್ಕೆ ಒಂದು ಜೋಡಿ. ಇವರಿಗೆ ಪದ್ರಿನೋ, ಮದ್ರಿನಾ ಅನ್ನುತ್ತಾರೆ. ನಮ್ಮಲ್ಲಿ ಧಾರೆ ಸೀರೆ ಸೋದರಮಾವನದ್ದು, ಕಾಲುಂಗುರ ಇಂಥವರದ್ದು ಅಂತ ಇರುತ್ತಲ್ವಾ, ಹೆಚ್ಚುಕಡಿಮೆ ಹಾಗೆ. ಜೂನ್‌ನಲ್ಲಿ ಒಂದು ಸಂಜೆ ಹುಡುಗಿ ನಮ್ಮ ಅಡುಗೆಮನೆಗೆ ಬಂದು, "ಅತ್ತೆ, ನೀವು ನನ್ನ ಮದ್ರಿನಾ ದೆ ರಾಮೋ ಆಗ್ತೀರಾ?" ಅಂತ ಕೇಳಿದಳು. ರಾಮೋ ಅಂದರೆ ಮದುಮಗಳು ಕೈಯಲ್ಲಿ ಹಿಡಿಯುವ ಹೂಗುಚ್ಛ. ನನಗೆ ಕಣ್ಣು ತುಂಬಿ ಬಂತು. ಕೈಯಲ್ಲಿದ್ದ ಸೌಟು ಕೆಳಗಿಟ್ಟು ಹೂಂ ಅಂದೆ.

ಮೊದಲು ನಾವಿಬ್ಬರೂ ಹೂವಿನ ಅಲಂಕಾರ ಮಾಡುವವರೊಬ್ಬರ ಹತ್ತಿರ ಹೋದೆವು. ಮೆಕ್ಸಿಕನ್ ಮನೆತನ ನೆನಪಾಗುವಂಥ ಹೂ ಬೇಕು ಅಂದ ತಕ್ಷಣ ಒಂದು ಆಲ್ಬಮ್ ತೆಗೆದರು. ತುಂಬ ಕಳ್ಳಿ ಗಿಡ, ಅಗಲ ಟೋಪಿ, ಕಣ್ಣಿಗೆ ಹೊಡೆಯುವ ಬಣ್ಣದ ಪೇಪರ್ ಹೂ. ಹುಡುಗಿ ಮೂರ್ನಾಲ್ಕು ಪುಟ ತಿರುವಿ ಆಲ್ಬಮ್ ಮುಚ್ಚಿದಳು. ಕಾರಿಗೆ ಬಂದ ಮೇಲೆ, "ನಮ್ಮಜ್ಜಿ ಮನೆಯಲ್ಲಿ ಇದ್ಯಾವುದೂ ಇರಲಿಲ್ಲ" ಅಂದಳು. ನನಗೆ ಸಿಟ್ಟು ಬಂತು. ಭಾರತದ ಮದುವೆ ಅಂದ ಕೂಡಲೇ ಯಾರಾದರೂ ಆನೆ, ಹಾವಾಡಿಗನ ಚಿತ್ರ ತೋರಿಸಿದರೆ ನಮಗೆ ಹೇಗಾಗುತ್ತೆ?

ಆ ರಾತ್ರಿ ಕೂತು ಓದತೊಡಗಿದೆ. ಓದುತ್ತಾ ಓದುತ್ತಾ ನಿದ್ದೆ ಹಾರಿಹೋಯಿತು. ನಮ್ಮ ಮದುವೆ ಹಾರಗಳ ಸುಗಂಧರಾಜದ ತವರು ಮೆಕ್ಸಿಕೋ. ಅಲ್ಲಿನ ಹಳೆಯ ನಾವಾಟಲ್ ಭಾಷೆಯಲ್ಲಿ ಅದಕ್ಕೆ ಎಲುಬಿನ ಹೂ ಎಂಬ ಅರ್ಥದ ಹೆಸರಿದೆ. ಆ ಬಿಳುಪಿಗೆ ಇಟ್ಟ ಹೆಸರಿರಬೇಕು. ಆಯುಧಪೂಜೆಗೆ ಬುಟ್ಟಿಗಟ್ಟಲೆ ತರುವ, ಗುಂಡ್ಲುಪೇಟೆ ಕಡೆ ಹೊಲದ ತುಂಬ ಅರಳುವ ಚೆಂಡು ಹೂವೂ ಅಲ್ಲಿಂದಲೇ ಬಂದದ್ದು. ದೇವಕಣಗಿಲೆಯೂ ಅಷ್ಟೇ. ಕೊನೆಗೆ ಡೇಲಿಯಾ. 1963ರಲ್ಲಿ ಮೆಕ್ಸಿಕೋ ಅದನ್ನು ತನ್ನ ರಾಷ್ಟ್ರೀಯ ಹೂವು ಎಂದು ಘೋಷಿಸಿತು.

ಡೇಲಿಯಾ ಅಂದರೆ ನಮ್ಮ ಮಲೆನಾಡಿನ ಡೇರೆ! ನಮ್ಮೂರು ಸಾಗರದ ಹತ್ತಿರ. ಅಲ್ಲಿ ಮಳೆಗಾಲ ಅಂದರೆ ಡೇರೆ. ಮೊದಲ ಮಳೆ ಬಿದ್ದ ಮೇಲೆ ಅಮ್ಮ ಗಡ್ಡೆ ಹೊರತೆಗೆದು, ಕಣ್ಣು ಒಡೆದಿದೆಯಾ ಅಂತ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ನೆಡುತ್ತಿದ್ದರು. ಗಿಡ ಮೊಳಕಾಲೆತ್ತರ ಆದಾಗ ಅಡಿಕೆ ದಬ್ಬೆಯ ಊರೆ. ಗಣೇಶನ ಹಬ್ಬದ ಹೊತ್ತಿಗೆ ಯಾರ ಮನೆ ಅಂಗಳದಲ್ಲಿ ಯಾವ ಬಣ್ಣ ಅರಳಿದೆ ಅನ್ನೋದೇ ಹೆಂಗಸರ ಮಾತು. ಹೊಸ ಬಣ್ಣ ಕಂಡರೆ ಗಡ್ಡೆಗೆ ಮೊದಲೇ ಹೇಳಿಟ್ಟು ಬರುತ್ತಿದ್ದರು. ಈ ಹೂವಿನ ಬೀಜ ಮೆಕ್ಸಿಕೋದಿಂದ ಸ್ಪೇನಿನ ಮ್ಯಾಡ್ರಿಡ್‌ಗೆ ಹೋದದ್ದು 1789ರಲ್ಲಿ. ಅಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ಅವರ ಹೆಸರು ಅಂಟಿತು. ಅಲ್ಲಿಂದ ಎಷ್ಟು ಕೈ ದಾಟಿ ನಮ್ಮ ಅಂಗಳಕ್ಕೆ ಬಂತೋ! ಅಮ್ಮನ ಮಟ್ಟಿಗಂತೂ ಅದು ನಮ್ಮೂರಿನದೇ.

ಮರುದಿನ ಉತ್ಸಾಹದಿಂದ ಪಟ್ಟಿ ಮಾಡಿಕೊಂಡು ಹೋದೆ. ಹುಡುಗಿಗೂ ಡೇಲಿಯಾ ಇಷ್ಟವಾಯಿತು. ಆಮೇಲೆ, "ಆಲ್ಕತ್ರಾಸ್ ಕೂಡ ಬೇಕು ಅತ್ತೆ" ಅಂದಳು. ಒಂದೇ ಎಸಳು ಬಿಳಿ ಕೊಳವೆಯ ಹಾಗೆ ಸುತ್ತಿಕೊಂಡಿರುತ್ತಲ್ಲ, ಆ ಕ್ಯಾಲಾ ಲಿಲಿ. ನಾನು ರಾತ್ರಿಯೆಲ್ಲ ಓದಿದ ಬಿಸಿಯಲ್ಲಿದ್ದೆ. "ಅದು ಮೆಕ್ಸಿಕೋದ್ದಲ್ಲ ಕಣೇ, ದಕ್ಷಿಣ ಆಫ್ರಿಕಾದ್ದು" ಅಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಫೋನಿನಲ್ಲಿ ಒಂದು ಹಳೆಯ ಫೋಟೊ ತೆಗೆದು ಮುಂದಿಟ್ಟಳು. ಅವಳ ಅಮ್ಮನ ಮದುವೆ. ಓಹಾಕಾದ ಒಂದು ಚರ್ಚಿನ ಮೆಟ್ಟಿಲು, ಅಮ್ಮನ ತೋಳಿನಲ್ಲಿ ಮಗುವಿನ ಹಾಗೆ ಮಲಗಿದ ಆಲ್ಕತ್ರಾಸ್.

ನನಗೆ ಬಹಳ ಕೆಟ್ಟದೆನಿಸಿತು. ಮೆಕ್ಸಿಕೋದ ಚಿತ್ರಕಾರ ದಿಯೇಗೊ ರಿವೇರಾ ತಮ್ಮ ಚಿತ್ರಗಳಲ್ಲಿ ಹೆಂಗಸರ ಬೆನ್ನ ಮೇಲೆ, ತೋಳಿನ ತುಂಬ ಹೊರಿಸಿದ್ದು ಇದೇ ಹೂವನ್ನ. ಹೊರಗಿನದ್ದು ಅಂತ ಅವರೇನೂ ಬಿಡಲಿಲ್ಲ. ಅಮ್ಮನ ಡೇರೆಗೆ ಯಾರಾದರೂ "ಇದು ನಿಮ್ಮದಲ್ಲ" ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆನಾ? ಪಟ್ಟಿಯನ್ನು ಮಡಚಿ ಚೀಲದೊಳಗೆ ಹಾಕಿದೆ. ಆಲ್ಕತ್ರಾಸ್ ಇರಲಿ ಅಂದೆ.

ಮುಂದಿನ ಮಾತು ಅಜ್ಜಿಯ ಹತ್ತಿರ. ಅವರನ್ನು ಎಲ್ಲರೂ ಅಬುವೆಲಾ ಅನ್ನುತ್ತಾರೆ. ಎಂಬತ್ತು ದಾಟಿದವರು. ನನ್ನ ಕನ್ನಡದ ಇಂಗ್ಲಿಷು, ಅವರ ಸ್ಪ್ಯಾನಿಷು, ನಡುವೆ ಮೊಮ್ಮಗಳು. ನಮ್ಮ ಅತ್ತಿಗೆ ಧಾರೆಯ ದಿನ ಬಾಗಿಲಿಗೆ ಚೆಂಡು ಹೂವಿನ ತೋರಣ ಕಟ್ಟುವುದು ಅಂತ ಆಗಲೇ ತೀರ್ಮಾನಿಸಿದ್ದರು. ಚರ್ಚಿಗೂ ಅದನ್ನೇ ಒಯ್ದರೆ ಎರಡೂ ಮನೆಯದ್ದಾಗುತ್ತೆ ಅನ್ನೋದು ನನ್ನ ಲೆಕ್ಕ. ಅಜ್ಜಿ ತಲೆ ಅಲ್ಲಾಡಿಸಿದರು. ಸೆಂಪಾಸೂಚಿಲ್, ಅಂದರೆ ಅವರ ಚೆಂಡು ಹೂವು, ಸತ್ತವರ ಹೂವು. ನವೆಂಬರ್ 1 ಮತ್ತು 2ರಂದು, ಹೋದವರು ಮನೆಗೆ ಬರುವ ದಿನ, ಅದರ ಎಸಳು ಉದುರಿಸಿ ಬೀದಿಯಿಂದ ಮನೆಯೊಳಗೆ ದಾರಿ ಮಾಡುತ್ತಾರೆ. ಆ ಬಣ್ಣ, ಆ ವಾಸನೆ ಹಿಡಿದು ಅವರು ಬರುತ್ತಾರಂತೆ. ನಾವಾಟಲ್‌ನಲ್ಲಿ ಅದರ ಹೆಸರಿಗೆ ಇಪ್ಪತ್ತು ಹೂವು ಎಂದರ್ಥ. ಒಂದೇ ಹೂವಿನಲ್ಲಿ ಅಷ್ಟೊಂದು ಎಸಳು ಅಂತ. "ಮದುಮಗಳ ಕೈಗೆ ಅದು ಬೇಡ" ಅಂದರು.

ನಮ್ಮಲ್ಲಿ ಅದು ಹಬ್ಬದ ಹೂವು ಅಂತ ನಾನು ಮೆಲ್ಲಗೆ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡು ಮಾತು ಹೇಳಿದರು. ನಿಮ್ಮ ಮನೆ ಬಾಗಿಲಿಗೆ ನಿಮ್ಮ ಪದ್ಧತಿ, ಕಟ್ಟಿ. ಚರ್ಚಿನಲ್ಲಿ ನನ್ನ ಪಕ್ಕದ ಒಂದು ಕುರ್ಚಿ ಖಾಲಿ ಬಿಡಿ, ಅದರ ಮೇಲೆ ಒಂದೇ ಒಂದು ಹಿಡಿ ಸೆಂಪಾಸೂಚಿಲ್ ಇಡಿ. ಆ ಕುರ್ಚಿ ತೀರಿಹೋದ ಅಜ್ಜನದ್ದು. ಮೊಮ್ಮಗಳು ಅದನ್ನು ಪೂರ್ತಿ ಅನುವಾದ ಮಾಡಲಾಗದೆ ಎದ್ದು ಹೋದಳು. ನನಗೆ ಅರ್ಥವಾಗಿತ್ತು.

ಹೂ ಕೊಳ್ಳಲು ಹೋದದ್ದು ಶುಕ್ರವಾರ ಬೆಳಗಿನ ಜಾವ. ಡೇರೆಯನ್ನು ಮೊದಲೇ ತಂದಿಡುವ ಹಾಗಿಲ್ಲ. ಮೊಗ್ಗಲ್ಲಿ ಕೊಯ್ದರೆ ಆಮೇಲೆ ಅರಳುವುದಿಲ್ಲ, ಅರಳಿದ್ದನ್ನು ಕೊಯ್ದರೆ ಹೆಚ್ಚು ದಿನ ಬಾಳುವುದಿಲ್ಲ. ಲಾಸ್ ಏಂಜಲೀಸ್‌ನಲ್ಲೂ ಒಂದು ವಾಲ್ ಸ್ಟ್ರೀಟ್ ಇದೆ, ಅದು ಹೂವಿನ ಬೀದಿ. ನಸುಕಿನಲ್ಲೇ ಸಗಟು ವ್ಯಾಪಾರ ಶುರು. ನೆಲವೆಲ್ಲ ಒದ್ದೆ, ಬಕೆಟ್ ಎಳೆಯುವ ಸದ್ದು, ತಳ್ಳುಗಾಡಿಯವರು ಸ್ಪ್ಯಾನಿಷ್‌ನಲ್ಲಿ ದಾರಿ ಬಿಡಿ ಅಂತ ಕೂಗುವುದು. ಕಣ್ಣು ಮುಚ್ಚಿದರೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ. ಕೋಳಿಜುಟ್ಟು ಹೂ ನೋಡಿ ಇದಕ್ಕೆ ಏನಂತೀರಿ ಅಂದೆ. ಅಜ್ಜಿ "ಕ್ರೆಸ್ತಾ ದೆ ಗಾಯೊ" ಅಂದರು. ಅಂದರೆ ಹುಂಜದ ಜುಟ್ಟು. ಇಬ್ಬರೂ ನಕ್ಕೆವು. ಅದನ್ನೂ ಒಂದು ಕಟ್ಟು ತೆಗೆದುಕೊಂಡೆವು.

ಡೇರೆಯ ಬಕೆಟ್‌ಗಳು ಒಂದು ಮೂಲೆಯಲ್ಲಿದ್ದವು. ಕಡು ಕೆಂಪು, ನೇರಳೆ, ಇನ್ನೊಂದು ಹಣ್ಣಾದ ಪಪಾಯ ಬಣ್ಣದ್ದು, ಎಸಳಿನ ತುದಿ ಮಾತ್ರ ಬಿಳಿ. ಎದುರಿನಿಂದ ಎಲ್ಲವೂ ಚೆಂದವೇ. ನಾನು ಒಂದನ್ನು ಎತ್ತಿ ಮಗುಚಿ ಬೆನ್ನು ನೋಡಿದೆ. ಅಮ್ಮ ಕಲಿಸಿದ್ದು. ಡೇರೆ ಹಿಂದಿನಿಂದ ಮುದಿಯಾಗುತ್ತೆ. ದೇಟಿನ ಹತ್ತಿರದ ಎಸಳು ಮೆತ್ತಗಾಗಿ ಕಂದಿದ್ದರೆ ಅದು ನಾಳೆಗೆ ಉಳಿಯುವುದಿಲ್ಲ. ತಲೆ ಎತ್ತಿದರೆ ಪಕ್ಕದ ಬಕೆಟ್ಟಿನ ಎದುರು ಅಜ್ಜಿಯೂ ಒಂದು ಹೂ ಮಗುಚಿ, ಹೆಬ್ಬೆರಳಲ್ಲಿ ಅದೇ ಎಸಳು ಮುಟ್ಟಿ ನೋಡುತ್ತಿದ್ದರು. ಅವರು ನನ್ನ ಕೈ ನೋಡಿದರು, ನಾನು ಅವರ ಕೈ ನೋಡಿದೆ. ಆಮೇಲೆ ಅನುವಾದಕ್ಕೆ ಯಾರನ್ನೂ ಕರೆಯಲಿಲ್ಲ. ಅವರು ಆರಿಸಿದ್ದನ್ನು ನಾನು, ನಾನು ಆರಿಸಿದ್ದನ್ನು ಅವರು ಇನ್ನೊಮ್ಮೆ ಮಗುಚಿ ನೋಡುತ್ತಾ ಮೂವತ್ತು ಹೂ ಆರಿಸಿದೆವು. ಎರಡನ್ನು ಅವರು ವಾಪಸ್ ಬಕೆಟ್ಟಿಗೆ ಹಾಕಿದರು. ಎರಡೂ ನಾನು ಆರಿಸಿದವು.

ಮಧ್ಯಾಹ್ನ ಸುಗಂಧರಾಜ ಬಿಡಿಸಿ ಹಾರ ಪೋಣಿಸಲು ಕೂತಾಗ ಅಜ್ಜಿಯೂ ಸೂಜಿ ಕೇಳಿ ತೆಗೆದುಕೊಂಡರು. ಅವರ ಬಾಯಲ್ಲಿ ಅದು ನಾರ್ದೋ, ಊರಿನ ಚರ್ಚಿನ ವಾಸನೆ ಅದೇ ಅಂತೆ. ಅದರಲ್ಲೇ ಒಂದು ಚಿಕ್ಕ ಗುಚ್ಛ ಬೇರೆ ಕಟ್ಟಿಸಿದರು. ಅದು ಗ್ವಾದಲೂಪೆ ಮಾತೆಗೆ, ಅಂದರೆ ಮೆಕ್ಸಿಕೋದವರು ಆ ಹೆಸರಿನಲ್ಲಿ ಪೂಜಿಸುವ ಮೇರಿ ಮಾತೆಗೆ. ಪೂಜೆ ಮುಗಿದ ಮೇಲೆ ಮದುಮಗಳು ಮಾತೆಯ ಪಾದದ ಹತ್ತಿರ ಒಂದು ಗುಚ್ಛ ಇಟ್ಟು ಪ್ರಾರ್ಥನೆ ಮಾಡಬೇಕು.

ಶನಿವಾರ ಎಲ್ಲ ಅಂದುಕೊಂಡ ಹಾಗೇ ಆಯಿತು. ಮಗುವಿನ ಹಾಗೆ ಆಲ್ಕತ್ರಾಸ್, ಸುತ್ತ ಡೇರೆ. ಅಜ್ಜನ ಕುರ್ಚಿಯ ಮೇಲೆ ಒಂದು ಹಿಡಿ ಹಳದಿ. ಗುಚ್ಛಕ್ಕೆ ಸೇರದೆ ಉಳಿದ ಪಪಾಯ ಬಣ್ಣದ ಒಂದು ಡೇರೆಯನ್ನು ಅಜ್ಜಿ ನನ್ನ ಜಡೆಗೆ ಸಿಕ್ಕಿಸಿದರು. ಕಿವಿಯ ಹಿಂದೆ, ಎಡಕ್ಕೆ. ಅಮ್ಮ ಸಿಕ್ಕಿಸುತ್ತಿದ್ದ ಜಾಗವೇ.

ರಾತ್ರಿ ಆ ಫೋಟೊ ಊರಿಗೆ ಕಳಿಸಿದೆ. ಅಲ್ಲಿ ಆಗಲೇ ಬೆಳಗಾಗಿತ್ತು, ಮಳೆ ಬರುತ್ತಿತ್ತು. ಅಮ್ಮ ಕೂಡಲೇ ಫೋನ್ ಮಾಡಿದರು. ಮದುವೆ ಹೇಗಾಯ್ತು, ಸೊಸೆ ಹೇಗಿದ್ದಾಳೆ, ಎಲ್ಲ ಕೇಳಿದರು. ಆಮೇಲೆ ದನಿ ತಗ್ಗಿಸಿ, "ಆ ಬಣ್ಣದ್ದು ಈ ಸೀಮೆಯಲ್ಲೇ ಯಾರ ಮನೇಲೂ ಇಲ್ಲ. ಆ ಅಜ್ಜಿ ಹತ್ರ ಕೇಳು, ಗಡ್ಡೆ ಸಿಕ್ತದಾ ಅಂತ" ಅಂದರು.